ಚೆಲುವಿಯ ಅಚ್ಚು

ನಮ್ಮೂರಿನಲ್ಲಿ ಯಾರೇ ಊರು ಬಿಟ್ಟು ದೂರ ಹೊರಟರೂ ಮೊದಲು ನನ್ನ ಮುಂದೆ ಕೂತು ಬಾಯಿ ತೆರೆಯಬೇಕು. ಹಾಗಂತ ಕಾನೂನೇನೂ ಇಲ್ಲ. ಆದರೂ ಹಲ್ಲಿನ ಅಚ್ಚು ಕೊಡದೆ ಬಸ್ಸು ಹತ್ತಿದವರನ್ನು ಈ ಮೂವತ್ತೊಂದು ವರ್ಷದಲ್ಲಿ ನಾನು ಕಂಡಿಲ್ಲ. ಹಲ್ಲಿನ ಡಾಕ್ಟರು ಪ್ರಭಾವತಿಯವರ ಕ್ಲಿನಿಕ್ಕಿನಲ್ಲಿ ಅಚ್ಚು ತೆಗೆಯುವ ಕೆಲಸ ನನ್ನದು. ಗುಲಾಬಿ ಬಣ್ಣದ ಪುಡಿಯನ್ನು ನೀರಲ್ಲಿ ಕಲಸಿ, ಕುದುರೆ ಲಾಳದಂಥ ತಟ್ಟೆಗೆ ತುಂಬಿ, ಬಾಯೊಳಗೆ ಒತ್ತಿ ಹಿಡಿಯುತ್ತೇನೆ. ಅದು ಗಟ್ಟಿಯಾಗುವವರೆಗೆ ಮೂಗಿನಲ್ಲೇ ಉಸಿರಾಡಬೇಕು. ಆಮೇಲೆ ತಟ್ಟೆಯನ್ನು ಕಿತ್ತು, ಹಲ್ಲು ಊರಿದ ಗುಳಿಗಳಿಗೆ ಬಿಳಿ ಗಾರೆ ಹೊಯ್ದು ಆರಲು ಬಿಟ್ಟರೆ, ಗಂಟೆಯೊಳಗೆ ಆ ಮನುಷ್ಯನ ಹಲ್ಲುಗಳು ನನ್ನ ಅಂಗೈ ಮೇಲಿರುತ್ತವೆ.

ಅಚ್ಚನ್ನು ಮನೆಯವರು ಒಯ್ದು ದೀಪದ ಗೂಡಿನಲ್ಲಿ ಇಟ್ಟುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಅದು ಆ ಮನುಷ್ಯನ ಜೊತೆಜೊತೆಗೇ ಬಾಳುತ್ತದೆ. ದೂರದ ಊರಲ್ಲಿ ಅವನ ಹಲ್ಲು ಹುಳುಕಾದರೆ ಇಲ್ಲಿ ಗಾರೆಯ ಹಲ್ಲಲ್ಲೂ ತೂತು ಬೀಳುತ್ತದೆ. ಅಲ್ಲಿ ಉದುರಿದ್ದು ಇಲ್ಲಿಯೂ ಉದುರುತ್ತದೆ. ಅಂಚೆ ಕಚೇರಿ ಹಿಂದಿನ ಮನೆಯ ಶೇಷಮ್ಮ, ಹೊಗೆಸೊಪ್ಪು ಬಿಟ್ಟೆನೆಂದು ಆಣೆ ಹಾಕಿ ಹೋದ ಗಂಡನ ಅಚ್ಚು ತಿಂಗಳೊಳಗೆ ಕಂದಿದ್ದನ್ನು ನೋಡಿ, ಫೋನಿನಲ್ಲೇ ಅವನಿಗೆ ಬೆವರಿಳಿಸಿದ್ದು ಊರಿಗೆಲ್ಲ ಗೊತ್ತು. ಮನುಷ್ಯ ತೀರಿಕೊಂಡರೆ ಅಚ್ಚು ಪುಡಿಯಾಗುತ್ತದೆ, ಅದೇ ಗಳಿಗೆಯಲ್ಲಿ. ಸುದ್ದಿ ಆಮೇಲೆ ಯಾವಾಗಲೋ ಬರುತ್ತದೆ. ಹಾಗಾಗಿ ನಮ್ಮೂರ ಹೆಂಗಸರು ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲು ಒಮ್ಮೆ ಗೂಡಿನ ಕಡೆ ನೋಡುತ್ತಾರೆ. ನೋಡಿ ಒಲೆ ಹಚ್ಚುತ್ತಾರೆ.

ಜವರಮ್ಮ ನನ್ನ ಓರಗೆಯವಳು. ಒಂದೇ ಬೀದಿಯಲ್ಲಿ ಬೆಳೆದವರು ನಾವು, ನಾನು ಅವಳನ್ನು ಕರೆಯುವುದು ಜವರಿ ಎಂದೇ. ಬಸ್ ನಿಲ್ದಾಣದ ಮಗ್ಗುಲಲ್ಲಿ ಅವಳ ಹಿಟ್ಟಿನ ಗಿರಣಿ ಇದೆ. ರೆಪ್ಪೆಗೂದಲಿಗೂ ಹಿಟ್ಟು ಮೆತ್ತಿಕೊಂಡು ಅವಳು ನಕ್ಕರೆ ಬಿಳಿ ಬೊಂಬೆ ನಕ್ಕ ಹಾಗೆ ಕಾಣುತ್ತಿತ್ತು. ಅವಳ ಗಂಡ ನಿಂಗಯ್ಯ ಲಾರಿ ಓಡಿಸುತ್ತಿದ್ದ. ಮಗಳು ಚೆಲುವಿಗೆ ಏಳು ವರ್ಷವಾಗಿದ್ದಾಗ ಒಂದು ಬೆಳಗ್ಗೆ ನಿಂಗಯ್ಯನ ಅಚ್ಚು ಪುಡಿಯಾಯಿತು. ಲಾರಿ ಘಟ್ಟದಲ್ಲಿ ಉರುಳಿದೆಯೆಂಬ ಸುದ್ದಿ ಬಂದದ್ದು ಎರಡು ದಿನ ಕಳೆದು.

ಅದಾದ ಮರುವರ್ಷ, ದೊಡ್ಡವರಾಗಿ ಊರು ಬಿಡುವಾಗ ಹೆದರದಿರಲೆಂದು ಶಾಲೆಯ ಮಕ್ಕಳಿಗೆಲ್ಲ ಮೊದಲ ಅಚ್ಚು ತೆಗೆಯುವಾಗ ಚೆಲುವಿಯೂ ಬಂದಳು. ತಟ್ಟೆ ನಾಲಿಗೆಗೆ ಸೋಕಿತೋ ಇಲ್ಲವೋ, ಓಕರಿಕೆ ಶುರುವಾಯಿತು. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡವು, ಮೈ ಬಿಲ್ಲಿನ ಹಾಗೆ ಬಾಗಿತು. ಮುಂದಿನ ವರ್ಷವೂ ಅದೇ ಕಥೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಪ್ರಯತ್ನ ಪಟ್ಟೆವು. ಬೆಳಗಿನಿಂದ ಹೊಟ್ಟೆಗೆ ಏನೂ ಕೊಡದೆ ಕರೆತಂದಿದ್ದರೂ ಹಳದಿ ನೀರು ಕಕ್ಕಿ ನನ್ನ ತೋಳಿನ ಮೇಲೇ ಒರಗಿಬಿಟ್ಟಳು. "ಬಿಡು, ಅವಳೆಲ್ಲಿಗೆ ಹೋಗ್ಬೇಕು. ನನ್ನ ಕಣ್ಮುಂದೇನೇ ಇರ್ತಾಳಲ್ಲ," ಎಂದಳು ಜವರಿ. ಹಾಗೆ ಊರಿನಲ್ಲಿ ಅಚ್ಚಿಲ್ಲದೆ ಬೆಳೆದ ಹುಡುಗಿ ಅವಳೊಬ್ಬಳೇ.

ಹತ್ತೊಂಬತ್ತು ತುಂಬುವ ಹೊತ್ತಿಗೆ ಅವಳಿಗೂ ಹೊರಡುವ ಕಾಲ ಬಂತು. ಸಮುದ್ರದ ಕಡೆಯ ಊರೊಂದರಲ್ಲಿ, ದಡದಿಂದ ಒಳಕ್ಕಿರುವ ನಡುಗಡ್ಡೆಯಲ್ಲಿ ಗೋಡಂಬಿ ಕಾರ್ಖಾನೆ ಇತ್ತು. ನಮ್ಮೂರಿನಿಂದ ಏಳು ಹೆಣ್ಣುಮಕ್ಕಳು ಅಲ್ಲಿಗೆ ಹೊರಟಿದ್ದರು, ಚೆಲುವಿ ಎಂಟನೆಯವಳು. ದಡದಲ್ಲಿ ವಸತಿ, ದಿನಾ ಬೆಳಗ್ಗೆ ಲಾಂಚಿನಲ್ಲಿ ಆಚೆಗೆ ಹೋಗಿ ಸಂಜೆ ಮರಳುವುದು. ಜವರಿ ಮೊದಲು ಬೇಡವೆಂದಳು, ಆಮೇಲೆ ಒಪ್ಪಿದಳು. ಗಿರಣಿಯ ಹಿಟ್ಟಿನ ಧೂಳು ಮಗಳ ಎದೆಗೆ ಆಗದು, ದಿನವಿಡೀ ಕೆಮ್ಮುತ್ತಿದ್ದಳು. ಆದರೆ ಒಂದು ಮಾತಿನಲ್ಲಿ ಜವರಿ ಗಟ್ಟಿ ನಿಂತಳು. "ಅಚ್ಚು ಕೊಟ್ಟು ಹೋಗ್ಲಿ. ಇಲ್ಲಾಂದ್ರೆ ನಾನು ಕಳಿಸಕಿಲ್ಲ."

ಅದಕ್ಕೆ ಎರಡು ತಿಂಗಳು ಮೊದಲು ನಮ್ಮ ಕ್ಲಿನಿಕ್ಕಿಗೆ ಸ್ಕ್ಯಾನರ್ ಬಂದಿತ್ತು. ಹಲ್ಲುಜ್ಜುವ ಬ್ರಶ್ಶಿಗಿಂತ ಸ್ವಲ್ಪ ದಪ್ಪನೆಯ ಕಡ್ಡಿ, ತುದಿಯಲ್ಲಿ ನೀಲಿ ಬೆಳಕು. ಅದನ್ನು ಹಲ್ಲಿನ ಸಾಲಿನ ಮೇಲೆ ನಿಧಾನ ಆಡಿಸಿದರೆ ಸಾಕು. ಎದುರಿನ ಪರದೆಯ ಮೇಲೆ ಹಲ್ಲು, ವಸಡು, ನಡುವಿನ ಸಂದುಗಳು ಒಂದೊಂದೇ ಮೂಡಿಕೊಳ್ಳುತ್ತವೆ, ಮಂಜು ಕರಗಿ ಬೆಟ್ಟ ಕಾಣಿಸಿಕೊಂಡ ಹಾಗೆ. ತಟ್ಟೆ ಇಲ್ಲ, ಹಿಟ್ಟಿಲ್ಲ, ಉಸಿರು ಕಟ್ಟುವುದಿಲ್ಲ. ಐದು ನಿಮಿಷದ ಕೆಲಸ. ನಡುವೆ ಕೆಮ್ಮು ಬಂದರೆ ನಿಲ್ಲಿಸಿ, ನೀರು ಕುಡಿಸಿ, ಬಿಟ್ಟಲ್ಲಿಂದ ಮುಂದುವರಿಸಬಹುದು. ಆಮೇಲೆ ಪಕ್ಕದ ಪೆಟ್ಟಿಗೆಯಂಥ ಯಂತ್ರ ಅದೇ ಹಲ್ಲನ್ನು ಒಂದು ಬಗೆಯ ಪ್ಲಾಸ್ಟಿಕ್ಕಿನಲ್ಲಿ ಪದರಪದರವಾಗಿ ಕಟ್ಟಿ ಕೊಡುತ್ತದೆ. ಹಲ್ಲಿನ ಸೆಟ್ಟು ಮಾಡಿಸಲು ಬಂದ ಮುದುಕರು "ಇಷ್ಟೇನಾ?" ಎಂದು ಎದ್ದು ಕೂತು ನಗುತ್ತಿದ್ದರು. ಇಪ್ಪತ್ತೇಳು ವರ್ಷ ಜನರ ಗಂಟಲಿಗೆ ಹಿಟ್ಟು ತುರುಕಿ ಅವರ ಕಣ್ಣೀರು ಒರೆಸಿದವಳು ನಾನು. ನನಗೆ ಆ ಕಡ್ಡಿ ದೇವರು ಕೊಟ್ಟ ಹಾಗಿತ್ತು.

ಕೈ ಪಳಗಲೆಂದು ಮೊದಲ ದಿನ ನನ್ನ ಬಾಯನ್ನೇ ಸ್ಕ್ಯಾನ್ ಮಾಡಿಕೊಂಡು ಅಚ್ಚು ಕಟ್ಟಿಸಿದ್ದೆ. ಮೂರು ವಾರದ ಮೇಲೆ ನನ್ನದೊಂದು ದವಡೆ ಹಲ್ಲನ್ನು ಡಾಕ್ಟರು ಕಿತ್ತರು. ಮೇಲಿನ ಬೀದಿಯಲ್ಲಿ ನನ್ನ ತಂಗಿಯ ಮನೆಯಲ್ಲಿ, ನಾನು ಕೆಲಸ ಕಲಿಯುವಾಗ ತೆಗೆದಿಟ್ಟ ನನ್ನ ಗಾರೆಯ ಅಚ್ಚಿನಿಂದ ಅದೇ ಹೊತ್ತಿಗೆ ಆ ಹಲ್ಲು ಉದುರಿತು. ಕ್ಲಿನಿಕ್ಕಿನ ಕಿಟಕಿಯಲ್ಲಿದ್ದ ಪ್ಲಾಸ್ಟಿಕ್ ಅಚ್ಚಿನಲ್ಲಿ ಅದು ಹಾಗೇ ಇತ್ತು. ವಾರ ಕಾದೆ, ಇನ್ನೊಂದು ವಾರ ಕಾದೆ. ಅದು ತೆಗೆದ ದಿನ ಹೇಗಿತ್ತೋ ಹಾಗೇ ಇತ್ತು. ಅದಕ್ಕೆ ನನ್ನ ಸಂಗತಿ ಏನೂ ತಿಳಿಯದು.

ಇದನ್ನು ಡಾಕ್ಟರಿಗೆ ಹೇಳಬೇಕೆಂದುಕೊಂಡಿದ್ದೆ. ಇನ್ನೂ ಹೇಳಿರಲಿಲ್ಲ. ಆಗ ಚೆಲುವಿ ಬಂದಳು, ಒಬ್ಬಳೇ.

"ಚಿಕ್ಕವ್ವ, ಹೊಸ ಮಿಷನ್ ಬಂದದಂತಲ್ಲ. ನಂದು ಅದ್ರಲ್ಲಿ ತೆಗೀತೀಯಾ?"

"ತೆಗೀಬಹುದು. ಆದ್ರೆ ಒಂದು ಮಾತು ಚೆಲುವಿ. ಇದು ಗಾರೆ ಅಚ್ಚಿನಂಗಲ್ಲ. ಬದಲಾಗಕಿಲ್ಲ. ಇವತ್ತು ಹೆಂಗದೋ ಯಾವತ್ತೂ ಹಂಗೇ ಇರ್ತದೆ. ನೀನು ಅಲ್ಲಿ ಹೆಂಗಿದೀಯ ಅಂತ ನಿಮ್ಮವ್ವಂಗೆ ಇದ್ರಿಂದ ಗೊತ್ತಾಗಕಿಲ್ಲ."

ಅವಳು ಕಿಟಕಿಯಲ್ಲಿದ್ದ ನನ್ನ ಅಚ್ಚನ್ನು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟಳು. ಆಮೇಲೆ, "ಹಂಗಿದ್ರೇನೇ ಒಳ್ಳೇದು," ಎಂದಳು.

"ಅದ್ಯಾಕೆ?"

"ಅಪ್ಪಂದು ಪುಡಿಯಾದಾಗ ನಾನು ಅಲ್ಲೇ ಇದ್ದೆ ಚಿಕ್ಕವ್ವ. ಧೂಳು ಒರೆಸಾಕೆ ಅಂತ ಅವ್ವ ಅದನ್ನ ಕೈಗೆ ತಗೊಂಡಿದ್ಲು. ಕೈಯಲ್ಲೇ ಹಿಟ್ಟಾಗೋಯ್ತು. ತಾನೇ ಬಿಗಿಯಾಗಿ ಹಿಡಿದ್ನೇನೋ, ತಾನೇ ಕೊಂದ್ನೇನೋ ಅನ್ನೋ ಹಂಗೆ ಕೈ ನೋಡ್ಕೊಂಡು ಕೂತ್ಬಿಟ್ಲು. ಎರಡು ದಿನ ಕೈ ತೊಳೀಲಿಲ್ಲ. ಈಗ್ಲೂ ಒಂದೊಂದು ಸಲ ಗಿರಣೀಲಿ ಹಿಟ್ಟು ಹಿಡ್ಕೊಂಡು ಹಂಗೇ ನಿಂತಿರ್ತಾಳೆ. ನಂದು ಅವಳ ಕೈಯಲ್ಲಿ ಹಂಗಾಗಾದು ಬ್ಯಾಡ."

ಅವಳ ಓಕರಿಕೆಗೆ ಕಾರಣ ಗಂಟಲಲ್ಲಿ ಇರಲಿಲ್ಲ ಎನ್ನುವುದು ನನಗೆ ತಿಳಿದದ್ದು ಆವತ್ತು.

"ನಿಮ್ಮವ್ವಂಗೆ ಹೇಳ್ಬೇಕಲ್ಲವ್ವ."

"ಹೇಳ್ಬ್ಯಾಡ. ಅವಳಿಗೆ ಗೂಡಲ್ಲಿ ಒಂದು ಅಚ್ಚು ಇದ್ರೆ ಸಾಕು, ಧೈರ್ಯವಾಗಿರ್ತಾಳೆ. ಭಾನುವಾರ ಭಾನುವಾರ ನಾನೇ ಫೋನ್ ಮಾಡ್ತೀನಿ. ಮಾಡ್ದೇ ಇರ್ತೀನಾ?"

ನಾನು ಒಪ್ಪಿದೆ. ಯಾಕೆ ಒಪ್ಪಿದೆ ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡಿದ್ದೇನೋ. ತಟ್ಟೆ ಹಿಡಿದು ಅವಳನ್ನು ಮತ್ತೆ ಆ ಕುರ್ಚಿಯಲ್ಲಿ ಒದ್ದಾಡಿಸಲು ನನ್ನಿಂದ ಆಗುತ್ತಿರಲಿಲ್ಲ, ಅದು ನಿಜ. ಹೊಸ ಕಡ್ಡಿಯ ಮೇಲಿನ ಮೋಹವೂ ಇದ್ದಿರಬೇಕು. ಅವಳು ಬಾಯಿ ತೆರೆದಳು. ನಾನು ಕಡ್ಡಿ ಆಡಿಸಿದೆ. ಕೆನ್ನೆಯ ಒಳಗೆ ಕಚಗುಳಿಯಾಗಿ ಎರಡು ಸಲ ನಕ್ಕಳು, ಎರಡು ಸಲವೂ ನಿಲ್ಲಿಸಿ ಮುಂದುವರಿಸಿದೆ. ಆರು ನಿಮಿಷದಲ್ಲಿ ಮುಗಿಯಿತು. "ಇಷ್ಟಕ್ಕೆ ಹನ್ನೊಂದು ವರ್ಷ ಹೆದರಿದ್ನಾ," ಎಂದು ಕುರ್ಚಿಯಿಂದ ಇಳಿದಳು.

ಸಂಜೆ ಜವರಿ ಅಚ್ಚು ಒಯ್ಯಲು ಬಂದಳು. ಕೈಯಲ್ಲಿ ತೂಗಿ ನೋಡಿ, "ಏನೇ ದೇವೀರಿ ಇದು, ಬಾಚಣಿಗೆ ಹಿಡ್ಕಂಡಂಗದೆ," ಎಂದಳು.

"ಹೊಸ ತರದ್ದು. ಕೈಜಾರಿ ಬಿದ್ರೂ ಒಡೆಯಕಿಲ್ಲ."

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅದು ನಾನು ಅವಳಿಗೆ ಮಾಡಿದ ಮೋಸದ ಮೊದಲ ಮಾತು.

ಹುಡುಗಿಯರು ಹೊರಟ ಮರುದಿನವೇ ನಾನು ಡಾಕ್ಟರಿಗೆ ನನ್ನ ದವಡೆ ಹಲ್ಲಿನ ಸಂಗತಿ ಹೇಳಿದೆ. ಊರು ಬಿಡುವವರಿಗೆ ಗಾರೆಯದೇ ಇರಲಿ, ಸ್ಕ್ಯಾನರ್ ಕ್ಯಾಪು, ಸೆಟ್ಟುಗಳಿಗೆ ಸಾಕು ಎಂದು ತೀರ್ಮಾನವಾಯಿತು. ಚೆಲುವಿಯ ಅಚ್ಚಿನ ಬಗ್ಗೆ ಮಾತ್ರ ಬಾಯಿಬಿಡಲಿಲ್ಲ. ಕೊಟ್ಟ ಮಾತು ಎಂದು ಸಮಾಧಾನ ಹೇಳಿಕೊಂಡೆ.

ಒಂದು ವರ್ಷ ಹೀಗೇ ಹೋಯಿತು. ಚೆಲುವಿ ಭಾನುವಾರದ ಫೋನನ್ನು ಒಂದು ಸಲವೂ ತಪ್ಪಿಸಲಿಲ್ಲ. ಜವರಿ ನನ್ನ ರಾಗಿ ಬೀಸುತ್ತ ಮಗಳ ಸುದ್ದಿ ಹೇಳುವಳು. ಉಳಿದ ಏಳು ಮನೆಯ ಅಚ್ಚುಗಳಲ್ಲಿ ಏನೇನೋ ಆಗುತ್ತಿತ್ತು. ಒಬ್ಬಳ ಕೋರೆಹಲ್ಲು ಚೂರು ಮುರಿದಿತ್ತು, ಇಬ್ಬರದು ಕಂದಿತ್ತು, ಮರದ ಡಿಪೋದ ಕಾಳಯ್ಯನ ಮಗಳದು ಹಿಂದಿನ ಹಲ್ಲು ಹುಳುಕಾಗುತ್ತಿತ್ತು. "ನಮ್ಮವಳದು ನೋಡೇ," ಎಂದು ಜವರಿ ಹೆಮ್ಮೆಪಡುತ್ತಿದ್ದಳು, "ಒಂದು ಕಲೆ ಇಲ್ಲ, ಒಂದು ಗೀರಿಲ್ಲ. ಹೋಗುವಾಗ ಹೆಂಗಿತ್ತೋ ಹಂಗೇ ಇಟ್ಕಂಡವ್ಳೆ. ಚೆನ್ನಾಗಿ ಉಜ್ಜು ಅಂತ ಹೇಳಿದ್ದೆ, ಕೇಳ್ಕಂಡವ್ಳೆ." ನಾನು ಹಿಟ್ಟಿನ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಬೇಗ ಬೇಗ ಹೊರಡುತ್ತಿದ್ದೆ.

ಆ ಸೋಮವಾರ ಬೆಳಗ್ಗೆ ಎಂಟೂವರೆ ಇದ್ದಿರಬಹುದು. ಮೊದಲು ಕಾಳಯ್ಯನ ಮನೆಯಿಂದ ಕೂಗು ಕೇಳಿತು. ಅದು ಅಡಗುವ ಮೊದಲೇ ಹಿಂದಿನ ಬೀದಿಯಿಂದ ಇನ್ನೊಂದು. ಆಮೇಲೆ ಎಲ್ಲ ಕಡೆಯಿಂದ. ಏಳು ಮನೆಗಳಲ್ಲಿ ಏಳು ಗೂಡುಗಳ ಕೆಳಗೆ ಬಿಳಿ ಪುಡಿ ಸುರಿದಿತ್ತು. ಜನ ಬೀದಿಗೆ ಬಂದು ಯಾವ ಕಡೆ ಓಡಬೇಕೆಂದು ತಿಳಿಯದೆ ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ನಡುಗಡ್ಡೆಗೆ ಹೋಗುತ್ತಿದ್ದ ಲಾಂಚು ಮಗುಚಿತ್ತು.

ನಾನು ಜವರಿಯ ಮನೆಗೆ ಓಡಿದೆ. ಅವಳು ಗೂಡಿನ ಮುಂದೆ ನಿಂತಿದ್ದಳು. ಅಚ್ಚು ಇತ್ತು, ಇರಲೇಬೇಕಲ್ಲ. ನನ್ನನ್ನು ಕಂಡು ತೋಳು ಹಿಡಿದುಕೊಂಡಳು.

"ಇವಳು ಹತ್ತಿಲ್ಲ ಕಣೆ. ಬೆಳಗ್ಗೆ ಏಳೋದು ಯಾವಾಗ್ಲೂ ತಡ, ಲಾಂಚು ತಪ್ಪಿಸ್ಕಂಡವ್ಳೆ. ನೋಡು, ನೋಡು, ಹಂಗೇ ಅದೆ."

ಹೇಳಬೇಕಾದ ಮಾತು ನಾಲಿಗೆಯ ತುದಿಯಿಂದ ಆಚೆ ಬರಲಿಲ್ಲ. ಹೊರಗೆ ಏಳು ಮನೆಗಳ ಅಳು. ಆ ಅಳುವಿಗೆ ಎಂಟನೆಯ ಮನೆಯನ್ನು ನಾನು ಹೇಗೆ ಸೇರಿಸಲಿ?

ಜವರಿ ಆವತ್ತು ಗಿರಣಿಗೆ ಬೀಗ ಹಾಕಿದಳು. ತನ್ನ ಮಗಳು ಉಳಿದಳೆಂಬ ಸಂತೋಷಕ್ಕೆ ತಾನೇ ನಾಚಿಕೊಂಡವಳಂತೆ ತಲೆ ತಗ್ಗಿಸಿ ಏಳು ಮನೆಗೂ ಹೋದಳು. ಅವರ ಒಲೆ ಹಚ್ಚಿದಳು, ಗಂಜಿ ಕಾಯಿಸಿದಳು, ಎದ್ದು ಕೂರಲಾರದವರ ಬಾಯಿಗೆ ಚಮಚದಲ್ಲಿ ಹೊಯ್ದಳು. ಕೆಲವರು ಅವಳ ಕೈಯಿಂದ ಕುಡಿದರು, ಒಬ್ಬಿಬ್ಬರು ಮುಖ ತಿರುಗಿಸಿಕೊಂಡರು. ನಾಲ್ಕನೆಯ ದಿನಕ್ಕೆ ಏಳು ಹೆಣಗಳು ಸಿಕ್ಕವು. ಚೆಲುವಿ ಸಿಗಲಿಲ್ಲ. ಲಾಂಚಿನಲ್ಲಿ ಯಾರು ಯಾರಿದ್ದರು ಎಂದು ಬರೆದಿಟ್ಟ ಪಟ್ಟಿಯೂ ಇರಲಿಲ್ಲ. ಅವಳ ಫೋನು ಆಫ್ ಆಗಿತ್ತು. "ಫೋನು ನೀರಿಗೆ ಬಿದ್ದಿರ್ತದೆ. ಎಲ್ಲೋ ಆಸ್ಪತ್ರೇಲಿ ಅವ್ಳೆ, ಹೆದರಿರ್ತಾಳೆ, ಮಾತು ಬರ್ತಿರಕಿಲ್ಲ," ಎಂದು ಜವರಿ ಹೇಳುತ್ತಿದ್ದಳು. ಊರೂ ಅದನ್ನು ನಂಬಿತು. ಅಚ್ಚು ಇದೆಯಲ್ಲ. ಜನ ಅವಳ ಮನೆಗೆ ಬಂದು ಗೂಡಿನ ಮುಂದೆ ಕೈಮುಗಿಯತೊಡಗಿದರು. ಕಾಳಯ್ಯನ ಹೆಂಡತಿ ಬಂದು ಆ ಪ್ಲಾಸ್ಟಿಕ್ ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಇನ್ನು ತಡೆದುಕೊಳ್ಳುವುದು ಆಗಲಿಲ್ಲ.

ಮರುದಿನ ಗಿರಣಿಗೆ ಹೋದೆ. ಆವತ್ತೇ ಅವಳು ಮತ್ತೆ ಬಾಗಿಲು ತೆಗೆದಿದ್ದಳು, ಮಗಳನ್ನು ಹುಡುಕಿಕೊಂಡು ಹೊರಡುವ ಮೊದಲು ಜನರ ಹಿಟ್ಟು ಮುಗಿಸಿ ಕೊಡಬೇಕೆಂದು.

"ಜವರಿ, ಮಿಷನ್ ನಿಲ್ಸು."

ನಿಲ್ಲಿಸಿದಳು. ಬೆಲ್ಟು ಪಟಪಟ ಬಡಿದುಕೊಂಡು ಸುಮ್ಮನಾಯಿತು.

"ಚೆಲುವಿ ಅಚ್ಚು ಏನೂ ಹೇಳಕಿಲ್ಲ ಕಣೆ. ಅದು ಮಿಷನ್ನಲ್ಲಿ ತೆಗೆದದ್ದು. ಅವಳು ಇದ್ರೂ ಅದು ಹಂಗೇ ಇರ್ತದೆ. ಇಲ್ದೇ ಇದ್ರೂ ಹಂಗೇ."

ನಾನು ಎಲ್ಲವನ್ನೂ ಹೇಳಿದೆ, ನನ್ನ ದವಡೆ ಹಲ್ಲಿನಿಂದ ಹಿಡಿದು.

"ತೆಗೆಯೋಕೆ ಮುಂಚೇನೇ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅವಳಿಗೆ?"

"ಅವಳಿಗೂ ಹೇಳಿದ್ದೆ. ನಿಂಗೆ ಹೇಳ್ಬ್ಯಾಡ ಅಂದ್ಲು. ನಿಂಗಯ್ಯಂದು ಪುಡಿಯಾದಾಗ ನೀನು ಪಟ್ಟ ಕಷ್ಟ ನೋಡಿದ್ಲಂತೆ."

ಜವರಿ ಅಂಗೈಗಳನ್ನು ಸೀರೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಹಂಗಾರೆ ಒಂದು ವರ್ಷ ದಿನಾ ಬೆಳಗ್ಗೆ ಎದ್ದು ನಾನು ನೋಡ್ತಿದ್ದದ್ದು ಏನನ್ನ?"

ಅವಳು ನಿಜವಾಗಿಯೂ ಕೇಳುತ್ತಿದ್ದಳು, ನನಗೆ ಉತ್ತರ ಗೊತ್ತಿರಬಹುದೇನೋ ಎಂಬಂತೆ. ಅಷ್ಟರಲ್ಲಿ ಯಾರೋ ಗೋಧಿ ತಂದರು. ಅವಳು ಸ್ವಿಚ್ಚು ಹಾಕಿದಳು, ಗಿರಣಿಯ ಸದ್ದಿನಲ್ಲಿ ಬೇರೆ ಯಾವ ಮಾತಿಗೂ ಜಾಗ ಉಳಿಯಲಿಲ್ಲ.

ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಏಳು ಮನೆಗಳಿಗೆ ಹೋಗುವುದನ್ನು ಮಾತ್ರ ಬಿಟ್ಟಳು. ಮಗಳು ಬದುಕಿರುವ ಸೊಕ್ಕು ಎಂದು ಕೆಲವರು ಆಡಿಕೊಂಡರು. ಆ ಏಳು ಮನೆಯವರು ತಿಥಿ ಮಾಡಿದರು, ಪುಡಿಯನ್ನು ಬಾಳೆಲೆಯಲ್ಲಿ ಕಟ್ಟಿ ಹೊಳೆಗೆ ಬಿಟ್ಟರು, ಅತ್ತು ಅತ್ತು ಸುಸ್ತಾದರು. ಜವರಿಗೆ ಅಳಲೂ ದಾರಿ ಇರಲಿಲ್ಲ. ನನ್ನ ತಂಗಿ ತನ್ನ ಅಳಿಯನನ್ನು ಜೊತೆ ಮಾಡಿ ಅವಳನ್ನು ಸಮುದ್ರದ ಊರಿಗೆ ಕಳಿಸಿದ್ದಳು. ಮೂರು ದಿನ ಆಸ್ಪತ್ರೆಗಳನ್ನೆಲ್ಲ ಸುತ್ತಿ, ಚೆಲುವಿಯ ಬಟ್ಟೆಯ ಚೀಲ ಹಿಡಿದು ಮರಳಿದಳು. ಭಾನುವಾರ ಸಂಜೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂರುವಳು. ನಾನು ಎದುರಿನಿಂದ ಹಾದುಹೋದರೆ ಕಣ್ಣೆತ್ತುತ್ತಿರಲಿಲ್ಲ.

ಹದಿನೇಳನೆಯ ದಿನ ಕ್ಲಿನಿಕ್ಕಿಗೆ ಫೋನು ಬಂತು. ಲಾಂಚು ಮುಳುಗಿದ ಜಾಗದಿಂದ ಬಹಳ ದೂರದ ದಡದಲ್ಲಿ ಒಂದು ಹೆಣ್ಣು ದೇಹ ಸಿಕ್ಕಿದೆ, ಮುಖದಿಂದ ಗುರುತು ಹಿಡಿಯುವ ಸ್ಥಿತಿಯಲ್ಲಿಲ್ಲ, ನಿಮ್ಮೂರಿನ ಹುಡುಗಿಯ ಹಲ್ಲಿನ ದಾಖಲೆ ಏನಾದರೂ ಇದೆಯೇ ಎಂದು ಅಲ್ಲಿನ ಆಸ್ಪತ್ರೆಯವರು ಕೇಳಿದರು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಕಂಪ್ಯೂಟರಿನ ಕಡೆ ನೋಡಿದೆ. ಚೆಲುವಿಯ ಮೂವತ್ತು ಹಲ್ಲುಗಳು, ಕೂದಲೆಳೆಯಷ್ಟೂ ತಪ್ಪಿಲ್ಲದೆ, ಅದರೊಳಗೆ ಇದ್ದವು. ಉಳಿದ ಏಳು ಹುಡುಗಿಯರಲ್ಲಿ ಯಾರಾದರೂ ಹೀಗೆ ಸಿಕ್ಕಿದ್ದರೆ ನಾವು ಕಳಿಸಲು ಪುಡಿಯ ಹೊರತು ಏನೂ ಇರುತ್ತಿರಲಿಲ್ಲ.

ಮನೆಯವರ ಒಪ್ಪಿಗೆ ಬೇಕಿತ್ತು. ಇಬ್ಬರೂ ಜವರಿಯ ಮನೆಗೆ ಹೋದೆವು. ಡಾಕ್ಟರು ಚಾಪೆಯ ಮೇಲೆ ಅವಳ ಪಕ್ಕ ಕೂತು ಮೆತ್ತಗೆ ವಿಷಯ ತಿಳಿಸಿದರು. ನಾನು ಹೊಸ್ತಿಲ ಬಳಿ ನಿಂತಿದ್ದೆ.

"ಬ್ಯಾಡಿ," ಎಂದಳು ಜವರಿ.

"ಅವಳಲ್ಲ ಅಂತಲೂ ಉತ್ತರ ಬರಬಹುದು ಜವರಮ್ಮ."

"ಅವಳೇ ಅಂತಾನೂ ಬರಬಹುದು." ಆಮೇಲೆ ನನ್ನ ಕಡೆ ತಿರುಗಿದಳು. ಗಿರಣಿಯ ದಿನದ ಮೇಲೆ ನನಗೆ ಆಡಿದ ಮೊದಲ ಮಾತು ಅದು. "ಇದುವರೆಗೂ ಅದು ಏನೂ ಹೇಳಕಿಲ್ಲ ಅಂತಿದ್ದೆ. ಈಗ ಹೇಳಿಸಾಕೆ ಬಂದಿದೀಯಾ?"

ನಾವು ಎದ್ದು ಬಂದೆವು. ಡಾಕ್ಟರು ಒತ್ತಾಯ ಮಾಡಲಿಲ್ಲ. ಆಸ್ಪತ್ರೆಯವರು ಮರುದಿನವೂ ಫೋನು ಮಾಡಿದರು, ಅದರ ಮರುದಿನವೂ.

ಮೂರನೆಯ ದಿನ ನಾನು ಕ್ಲಿನಿಕ್ಕಿನ ಬಾಗಿಲು ತೆಗೆಯುವಾಗ ಜವರಿ ಮೆಟ್ಟಿಲ ಮೇಲೆ ಕೂತಿದ್ದಳು. ತಲೆಗೆ ಸ್ನಾನ ಮಾಡಿದ್ದಳು. ಅಷ್ಟು ವರ್ಷದಲ್ಲಿ ಹಿಟ್ಟಿಲ್ಲದ ಅವಳ ಮುಖವನ್ನು ನಾನು ನೋಡಿದ್ದೇ ಕಡಿಮೆ, ಅಪರಿಚಿತಳಂತೆ ಕಂಡಳು.

"ಅಲ್ಲಿರೋಳು ಯಾರ ಮಗಳಾದ್ರೂ ಒಬ್ಬಳ ಮಗಳೇ ತಾನೆ," ಎಂದಳು, ನನಗೂ ಅಲ್ಲದ, ತನಗೂ ಅಲ್ಲದ ದನಿಯಲ್ಲಿ. "ಎಷ್ಟು ದಿನ ಅಂತ ಐಸಿನ ಮೇಲೆ ಮಲಗಿರ್ತಾಳೆ. ಚಳಿ ಅಂದ್ರೆ ಆಗಕಿಲ್ಲ ಅವಳಿಗೆ."

ಡಾಕ್ಟರು ಬಂದು ಫೈಲು ತೆರೆದರು. ಕಳಿಸುವ ಮೊದಲು ತನಗೊಮ್ಮೆ ತೋರಿಸಬೇಕೆಂದು ಜವರಿ ಕೇಳಿಕೊಂಡಳು. ಪರದೆಯ ತುಂಬ ಚೆಲುವಿಯ ಹಲ್ಲುಗಳು ನಿಂತವು. ನಾನು ಮೌಸ್ ಹಿಡಿದು ನಿಧಾನ ತಿರುಗಿಸಿದೆ, ಎಡಗಡೆ, ಬಲಗಡೆ, ಕೆಳಗಿನಿಂದ.

"ಒಳಗಿಂದ ತೋರ್ಸು."

ಗಂಟಲಿನ ಕಡೆಯಿಂದ ಕಾಣುವ ಹಾಗೆ ತಿರುಗಿಸಿದೆ. ಮಗುವನ್ನು ಹೆತ್ತವಳೂ ಎಂದೂ ನೋಡಿರದ ಬದಿ ಅದು. ಜವರಿ ಪರದೆಗೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದಾಳೆಂದು ನನಗೆ ಆಮೇಲೆ ಹೊಳೆಯಿತು.

"ಇದನ್ನ ತೆಗೆಯೋವಾಗ ಅವಳು ಒದ್ದಾಡಿದ್ಲಾ?"

"ಇಲ್ಲ. ಕಚಗುಳಿ ಆಗಿ ನಗ್ತಿದ್ಲು."

"ವಾಂತಿ?"

"ಇಲ್ಲವೇ ಇಲ್ಲ."

ತಲೆಯಾಡಿಸಿದಳು. "ಕಳಿಸ್ರವ್ವ," ಎಂದು ಡಾಕ್ಟರಿಗೆ ಹೇಳಿ ಬೆಂಚಿನ ಮೇಲೆ ಹೋಗಿ ಕೂತಳು. ಮನೆಗೆ ಹೋಗಲಿಲ್ಲ. ಆವತ್ತು ಬಂದ ರೋಗಿಗಳೆಲ್ಲ ಅವಳ ಪಕ್ಕದಲ್ಲೇ ಕೂತು, ತಮ್ಮ ಸರದಿಗೆ ಎದ್ದು ಹೋದರು. ಮಧ್ಯಾಹ್ನ ಎರಡರ ಹೊತ್ತಿಗೆ ಉತ್ತರ ಬಂತು. ಡಾಕ್ಟರು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಜವರಿಗೆ ಅಷ್ಟೇ ಸಾಕಾಯಿತು.

ಚೆಲುವಿಯನ್ನು ತಂದ ದಿನ ಏಳು ಮನೆಯ ತಾಯಂದಿರೂ ಬಂದರು. ಅವರು ಜವರಿಗೆ ಗಂಜಿ ಕಾಯಿಸಿದರು. ಅಷ್ಟು ದಿನದ ಅಳುವೆಲ್ಲ ಒಂದೇ ಸಲಕ್ಕೆ ಬಂದ ಹಾಗೆ ಅವಳು ಅತ್ತಳು. ನಾನು ಹಿಂದೆ ನಿಂತಿದ್ದೆ. ಯಾರೂ ನನ್ನನ್ನು ಮುಂದಕ್ಕೆ ಕರೆಯಲಿಲ್ಲ. ಅಷ್ಟರೊಳಗೆ ಊರಿಗೆಲ್ಲ ಸಂಗತಿ ತಿಳಿದಿತ್ತು.

ಆಮೇಲೆ ನಮ್ಮ ಕ್ಲಿನಿಕ್ಕಿನಲ್ಲಿ ಎರಡೂ ಮಾಡಲು ಶುರುಮಾಡಿದೆವು. ಊರು ಬಿಡುವವರಿಗೆ ಮೊದಲು ಗಾರೆ, ಆಮೇಲೆ ಸ್ಕ್ಯಾನರ್. ಓಕರಿಸುವವರಿದ್ದರೆ ಮನೆಯವರನ್ನು ಎದುರಿಗೆ ಕೂರಿಸಿ, ಯಾವುದು ಏನು ಹೇಳುತ್ತದೆ, ಯಾವುದು ಹೇಳುವುದಿಲ್ಲ ಎಂದು ನಾನೇ ತಿಳಿಸುತ್ತೇನೆ. ಕೆಲವರು ಬೇಕೆಂದೇ ಬದಲಾಗದ ಅಚ್ಚನ್ನು ಕೇಳಿ ಒಯ್ಯುತ್ತಾರೆ. ಅವರನ್ನು ತಪ್ಪು ಎನ್ನಲಾರೆ.

ಜವರಿಯ ಗಿರಣಿಗೆ ಹೋಗುವುದನ್ನು ನಾನು ಬಿಡಲಿಲ್ಲ. ಹದಿನೈದು ದಿನಕ್ಕೊಮ್ಮೆ ರಾಗಿ ಒಯ್ದು ಇಡುವೆ. ಅವಳು ಬೀಸಿ, ಚೀಲದ ಬಾಯಿ ಕಟ್ಟಿ, ಕಟ್ಟೆಯ ಮೇಲಿಡುವಳು. ಎರಡು ವರ್ಷ ಮಾತಿಲ್ಲ. ನನ್ನ ಹಿಟ್ಟನ್ನು ಒಂದು ದಿನವೂ ತರಿಯಾಗಿ ಬೀಸಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಒಂದು ಬೆಳಗ್ಗೆ ಅವಳು ಕೆನ್ನೆ ಊದಿಸಿಕೊಂಡು ಕ್ಲಿನಿಕ್ಕಿಗೆ ಬಂದಳು. ಡಾಕ್ಟರು ಮೂರು ಹಲ್ಲು ಕಿತ್ತರು. ಗಾಯ ಆರಿದ ಮೇಲೆ ಹಲ್ಲು ಕಟ್ಟಿಸಬೇಕು, ಅದಕ್ಕೆ ಅಳತೆ ಬೇಕು, ದೇವೀರಮ್ಮನ ಹತ್ತಿರ ಹೋಗು ಎಂದರು. ವಾರ ಕಳೆದು ಬಂದು ನನ್ನ ಕುರ್ಚಿಯಲ್ಲಿ ಕೂತಳು. ನಾನು ಕೈ ತೊಳೆದುಕೊಂಡೆ, ಒರೆಸಿಕೊಂಡೆ, ಮತ್ತೆ ತೊಳೆದುಕೊಂಡೆ.

"ಮಿಷನ್ನಲ್ಲಿ ತೆಗೀಲಾ ಜವರಿ? ನೋವಾಗಕಿಲ್ಲ. ವಸಡು ಇನ್ನೂ ಹಸಿ ಅದೆ."

"ಪುಡೀಲೇ ತೆಗಿ."

ಕಲಸಿದೆ. ತಟ್ಟೆಗೆ ತುಂಬಿ ಬಾಯೊಳಗೆ ಇಟ್ಟೆ. ನೋವಿಗೆ ಕಣ್ಣಲ್ಲಿ ನೀರು ಬಂತು, ಆದರೆ ಅಲುಗಾಡಲಿಲ್ಲ. ನನ್ನ ಎರಡು ಬೆರಳು ಅವಳ ಬಾಯೊಳಗೆ, ಅವಳ ಉಸಿರು ನನ್ನ ಮಣಿಕಟ್ಟಿನ ಮೇಲೆ. ಅದು ಗಟ್ಟಿಯಾಗುವವರೆಗೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಲೇಬೇಕಾಯಿತು. ತಟ್ಟೆ ತೆಗೆದ ಮೇಲೆ ಬಾಯಿ ಮುಕ್ಕಳಿಸಿ, ಸೆರಗಿನಿಂದ ತುಟಿ ಒರೆಸಿಕೊಂಡಳು.

"ಹಲ್ಲು ಕಟ್ಟಿದ ಮೇಲೆ ಅಚ್ಚನ್ನ ಯಾರ ಮನೆಗೆ ಕೊಡ್ಲಿ?" ಎಂದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ನಿನ್ನ ಮನೇಲಿ ಇಟ್ಕೊ," ಎಂದಳು. "ದಿನಾ ಬೆಳಗ್ಗೆ ನೋಡ್ಬೇಕು ನೀನು. ಒಂದು ದಿನಾನೂ ತಪ್ಪಿಸ್ಬಾರ್ದು."

ಕುರ್ಚಿಯಿಂದ ಇಳಿದು, ಚಪ್ಪಲಿ ಮೆಟ್ಟಿ, ಹೋದಳು.

ನಾನು ಊರಿಗೆಲ್ಲ ಅಚ್ಚು ತೆಗೆದುಕೊಟ್ಟವಳು. ನನ್ನ ಮನೆಯಿಂದ ಊರು ಬಿಟ್ಟು ಹೋದವರಿಲ್ಲ, ಗಂಡ ನನ್ನ ಕಣ್ಣೆದುರಿಗೇ ತೀರಿಕೊಂಡವನು. ಹಾಗಾಗಿ ನನ್ನ ಗೂಡಿನಲ್ಲಿ ದೀಪವೊಂದೇ ಇತ್ತು. ಈಗ ಅದರ ಪಕ್ಕದಲ್ಲಿ ಜವರಿಯ ಅಚ್ಚು ಇದೆ. ಬೆಳಗ್ಗೆ ಎಚ್ಚರವಾಗುತ್ತದೆ, ಆದರೆ ತಕ್ಷಣ ಆ ಕಡೆ ತಿರುಗುವುದು ಆಗುವುದಿಲ್ಲ. ಬೀದಿಯ ಕೊನೆಯಿಂದ ಗಿರಣಿಯ ಸದ್ದು ಬರುತ್ತದೇನೋ ಎಂದು ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಹೊತ್ತು ಕಿವಿಗೊಡುತ್ತೇನೆ. ಅಷ್ಟು ಬೇಗ ಅವಳು ಗಿರಣಿ ತೆಗೆಯುವುದಿಲ್ಲ. ಆಮೇಲೆ ಎದ್ದು ಕೂತು ನೋಡುತ್ತೇನೆ.